ಅಟ್ಟ ಸೇರದ ಕೀಬೋರ್ಡ್ ಕೊಳ್ಳಿ

ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುವಾಗ ಬಾಯಿಗೆ ಬಂದ ಟ್ಯೂನು ಸಂಜೆ ದೀಪ ಹಚ್ಚುವ ಹೊತ್ತಿಗೆ ಮರೆತೇ ಹೋಗಿರುತ್ತದೆ. ಮೊಬೈಲಿನಲ್ಲಿ ಗುನುಗಿ ಇಟ್ಟುಕೊಂಡರೂ ಆಮೇಲೆ ಕೇಳಿದರೆ ಮಿಕ್ಸಿ ಸದ್ದು ಜಾಸ್ತಿ, ಹಾಡು ಕಮ್ಮಿ! ಮದುವೆಗೆ ಮುಂಚೆ ಸುಗಮ ಸಂಗೀತ ಕಲಿತು, ಕಾಲೇಜ್ ಡೇಯಲ್ಲಿ ಹಾಡಿ, ಆಮೇಲೆ ಗೌರಿ ಹಬ್ಬಕ್ಕೋ ಯಾರದೋ ಸೀಮಂತಕ್ಕೋ ಎರಡು ಹಾಡು ಹೇಳುವಲ್ಲಿಗೆ ನಿಂತುಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ? ನಾನೂ ಅವರಲ್ಲೊಬ್ಬಳು. ನನ್ನ ಹಾರ್ಮೋನಿಯಂ ಇವತ್ತಿಗೂ ತವರುಮನೆಯ ಮಂಚದ ಕೆಳಗಿದೆ.

ಮನೆಯಲ್ಲೇ ಕೂತು ನಮ್ಮ ಹಾಡಿಗೆ ನಾವೇ ಹಿನ್ನೆಲೆ ಸಂಗೀತ ಹಾಕಿ ರೆಕಾರ್ಡ್ ಮಾಡೋದು ಈಗ ದೊಡ್ಡ ವಿಷಯವಲ್ಲ. ಒಂದು ಒಳ್ಳೆ ಫೋನು ಅಥವಾ ಲ್ಯಾಪ್‌ಟಾಪು, ಒಂದು ಇಯರ್‌ಫೋನು, ಜೊತೆಗೊಂದು ಪುಟ್ಟ ಮಿಡಿ ಕೀಬೋರ್ಡ್ ಕಂಟ್ರೋಲರ್ ಇದ್ದರೆ ಸಾಕು. ಆದರೆ ಕೊಳ್ಳುವಾಗ ನಾವು ಮಾಡೋ ತಪ್ಪು ಒಂದೇ. ನಮಗೆ ಬೇಕಾದದ್ದನ್ನು ಬಿಟ್ಟು 'ಮನೆಗೆಲ್ಲ ಆಗೋದನ್ನ' ತರ್ತೀವಿ.

ನಾನು ತಂದಿದ್ದೂ ಹಾಗೇ. ಐದು ವರ್ಷದ ಹಿಂದೆ ಕೀಬೋರ್ಡ್ ಬೇಕು ಅಂದಾಗ ಯಜಮಾನರು ಬೇಡ ಅನ್ನಲಿಲ್ಲ. "ತಗೊಳೋದೇ ಆದ್ರೆ ದೊಡ್ಡದೇ ತಗೋ, ಮುಂದೆ ಮಗೂಗೂ ಆಗತ್ತೆ" ಅಂದರು. ಅಂಗಡಿಯವನು ಮೊದಲಿಂದ ಕೊನೇವರೆಗೂ ಅವರ ಮುಖ ನೋಡಿಕೊಂಡೇ ವಿವರಿಸಿದ. ನಾನು ಕೇಳಿದ ಪ್ರಶ್ನೆಗೂ ಉತ್ತರ "ಸಾರ್" ಅಂತಲೇ ಶುರು! 61 ಕೀ, ಎರಡು ಸ್ಪೀಕರ್, ನೂರಾರು ವಾದ್ಯಗಳ ಧ್ವನಿ ಇರೋ ಕೀಬೋರ್ಡ್ ಮನೆಗೆ ಬಂತು. ಮೂರಡಿಗೂ ಉದ್ದ. ಡೈನಿಂಗ್ ಟೇಬಲ್ ಮೇಲಿಟ್ಟರೆ ಊಟಕ್ಕೆ ಜಾಗವಿಲ್ಲ, ಮಂಚದ ಮೇಲಿಟ್ಟರೆ ಅತ್ತೆಯವರು ಮಧ್ಯಾಹ್ನ ಮಲಗೋ ಹಾಗಿಲ್ಲ. ಮಗ ಎರಡು ವಾರ ಅದರಲ್ಲಿ ನಾಯಿ ಬೊಗಳೋ ಸದ್ದು ಒತ್ತಿ ಆಡಿದ. ದಸರಾ ಬೊಂಬೆ ಇಳಿಸುವಾಗ ಆ ಜಾಗಕ್ಕೆ ಇದು ಅಟ್ಟ ಹತ್ತಿತು. ಮತ್ತೆ ಇಳಿದಿಲ್ಲ.

ಮನೆಗೆಲ್ಲ ಅಂತ ತಂದದ್ದು ಕಡೆಗೆ ಯಾರದೂ ಆಗಲಿಲ್ಲ. ಅದಕ್ಕೇ ಹೋದ ವರ್ಷ, ಲೇಖನಗಳ ಸಂಭಾವನೆ ಕೂಡಿಟ್ಟು, ನಾನೊಬ್ಬಳೇ ಹೋಗಿ 25 ಕೀಗಳ ಪುಟ್ಟ ಕಂಟ್ರೋಲರ್ ತಂದೆ. ಒಂದಡಿಗಿಂತ ಒಂಚೂರು ಉದ್ದ, ತೂಕ ಮುಕ್ಕಾಲು ಕೆ.ಜಿ. ಅಡುಗೆಮನೆಯಲ್ಲಿ ಟೇಬಲ್ ಮ್ಯಾಟ್‌ಗಳನ್ನಿಡೋ ಡ್ರಾಯರ್‌ನಲ್ಲಿ ಕೂರುತ್ತೆ. ಮಧ್ಯಾಹ್ನ ಪಾತ್ರೆ ಒರೆಸಿಟ್ಟ ಮೇಲೆ ಹೊರಗೆ ತೆಗೀತೀನಿ. ಮೂರೂವರೆಗೆ ಸ್ಕೂಲ್ ವ್ಯಾನ್ ಹಾರ್ನ್ ಕೇಳಿದರೆ ಎರಡು ನಿಮಿಷದಲ್ಲಿ ಎತ್ತಿಡ್ತೀನಿ. ಯಾರನ್ನೂ 'ಸ್ವಲ್ಪ ಹಿಡ್ಕೊಳ್ರೀ' ಅಂತ ಕರೀಬೇಕಾಗಿಲ್ಲ.

ಈಗ ಇದರ ಬಗ್ಗೆ ಮೊದಲು ತಿಳೀಬೇಕಾದ ಸಂಗತಿ. ಈ ಪೆಟ್ಟಿಗೆಯಿಂದ ಸದ್ದೇ ಬರೋಲ್ಲ! ತಂದ ದಿನ ಒತ್ತಿ ನೋಡಿ 'ಅಯ್ಯೋ ಕೆಟ್ಟುಹೋಗಿದೆ' ಅಂತ ಗಾಬರಿಯಾಗಬೇಡಿ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ ಅನ್ನೋದನ್ನಷ್ಟೇ ಇದು ಫೋನಿಗೋ ಲ್ಯಾಪ್‌ಟಾಪಿಗೋ ಹೇಳುತ್ತೆ. ಧ್ವನಿ ಹೊರಡಿಸೋದು ಅಲ್ಲಿರುವ ಆ್ಯಪ್. ಸಂಗೀತದ ನೋಟ್‌ಬುಕ್ಕಿನಲ್ಲಿ ಸ್ವರ ಬರೆದಿಟ್ಟ ಹಾಗೆ ಅಂದುಕೊಳ್ಳಿ. ಪುಸ್ತಕ ಹಾಡೋದಿಲ್ಲ, ಆದರೆ ಅದನ್ನು ನೋಡಿ ವೀಣೆಯಲ್ಲೂ ನುಡಿಸಬಹುದು, ಕೊಳಲಲ್ಲೂ ನುಡಿಸಬಹುದು. ಈ ಭಾಷೆಗೇ ಮಿಡಿ ಅಂತ ಹೆಸರು. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮುಂತಾದವರ ಪ್ರಯತ್ನದಿಂದ 1983ರಲ್ಲಿ ಬಳಕೆಗೆ ಬಂತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡೋ ಹಾಗೆ ಮಾಡಿದ್ದಕ್ಕೆ ಇವರಿಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಗೌರವ ಸಿಕ್ಕಿತು.

ಇದರಿಂದ ನಮ್ಮಂಥ ರೂಢಿ ತಪ್ಪಿದ ಕೈಗಳಿಗೆ ಎಷ್ಟು ಅನುಕೂಲ ಗೊತ್ತಾ? ಒಂದು ಸ್ವರ ತಪ್ಪಿದರೆ ಇಡೀ ಹಾಡು ಮತ್ತೆ ನುಡಿಸಬೇಕಿಲ್ಲ, ಆ ಸ್ವರವನ್ನಷ್ಟೇ ಎಳೆದು ಸರಿಯಾದ ಜಾಗಕ್ಕೆ ಕೂರಿಸಬಹುದು. ನಿಧಾನವಾಗಿ ನುಡಿಸಿ ಆಮೇಲೆ ವೇಗ ಏರಿಸಬಹುದು. ಐದು ಮನೆ ಶ್ರುತಿಯಲ್ಲಿ ನುಡಿಸಿಟ್ಟಿದ್ದು, ಹಾಡುವಾಗ ಗಂಟಲಿಗೆ ಹೊಂದಲಿಲ್ಲವಾ? ಐದೂವರೆಗೆ ಏರಿಸಿ, ನಾಲ್ಕೂವರೆಗೆ ಇಳಿಸಿ, ಒಂದು ಕ್ಲಿಕ್ಕಿನ ಕೆಲಸ. ಹಾಡಿದ ಧ್ವನಿ ಮಾತ್ರ ಬೇರೆ, ಅದನ್ನು ಮೈಕಿನಲ್ಲೇ ರೆಕಾರ್ಡ್ ಮಾಡಬೇಕು. ಶುರುವಿಗೆ ಫೋನಿನ ಮೈಕೇ ಸಾಕು. ಬೀರು ಬಾಗಿಲು ತೆರೆದು ಸೀರೆಗಳ ಮುಂದೆ ನಿಂತು ಹಾಡಿ ನೋಡಿ, ಗೋಡೆಗೆ ಬಡಿದು ಬರೋ ಪ್ರತಿಧ್ವನಿ ಎಷ್ಟೋ ಕಮ್ಮಿಯಾಗುತ್ತೆ.

'25 ಕೀ ಏನಕ್ಕೆ ಸಾಕು? ಪಿಯಾನೋಗೆ 88 ಇರುತ್ತಲ್ಲ' ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಪಿಯಾನೋಗೆ ಎರಡು ಕೈ. ನಾವು ಹಾರ್ಮೋನಿಯಂ ಕಲಿತವರು, ಎಡಗೈ ತಿದಿ ಒತ್ತುತ್ತಿತ್ತು, ನುಡಿಸಿದ್ದೆಲ್ಲ ಬಲಗೈಯೇ. ನಮ್ಮ ಮೇಷ್ಟ್ರು ಕೀಗಳನ್ನು ಮನೆ ಅಂತಲೇ ಕರೀತಿದ್ದರು, ಆ ಲೆಕ್ಕದಲ್ಲಿ ಇದು ಇಪ್ಪತ್ತೈದು ಮನೆ ಪೆಟ್ಟಿಗೆ. ಒಂದು ಭಾವಗೀತೆ ಮಂದ್ರ ಪಂಚಮದಿಂದ ಕೆಳಗೆ, ತಾರ ಪಂಚಮದಿಂದ ಮೇಲೆ ಹೋಗೋದು ಅಪರೂಪ. ಪುಟ್ಟ ಕೀಬೋರ್ಡಿನಲ್ಲಿ ನಾಲ್ಕನೇ ಬಿಳಿ ಮನೆಯನ್ನು 'ಸ' ಮಾಡಿಕೊಂಡರೆ ಎಡತುದಿ ಮಂದ್ರ ಪಂಚಮ, ಬಲತುದಿ ತಾರ ಪಂಚಮ. ಅಳೆದು ಮಾಡಿಸಿದ ಹಾಗೆ! ಆಮೇಲೆ ಟ್ರಾನ್ಸ್‌ಪೋಸ್ ಒತ್ತಿ ನಿಮ್ಮ ಶ್ರುತಿಗೆ ತಂದುಕೊಳ್ಳಿ. ಇನ್ನೂ ಮೇಲೆ ಕೆಳಗೆ ಬೇಕಾದರೆ ಆಕ್ಟೇವ್ ಬಟನ್ ಇದ್ದೇ ಇರುತ್ತೆ. ಎರಡು ಕೈಯಲ್ಲಿ ನುಡಿಸುವವರಾದರೆ 25 ಸಾಲದು, 37 ಅಥವಾ 49 ನೋಡಿ. ಮಗು ಪಿಯಾನೋ ಪರೀಕ್ಷೆ ಕಟ್ಟುತ್ತಿದ್ದರೆ ಈ ಮಿನಿ ಕೀಗಳು ಅದಕ್ಕಾಗೋದಿಲ್ಲ, ಬೆರಳಿನ ಅಳತೆ ತಪ್ಪುತ್ತೆ. ಮಗುವಿಗೆ ಬೇರೆಯದೇ ಕೊಡಿಸಿ. ಅದು ಮಗುವಿನ ಖರ್ಚು, ಇದು ನಿಮ್ಮದು.

ಅಂಗಡಿಯಲ್ಲಿ ಅಕಾಯ್‌ನ ಎಂಪಿಕೆ ಮಿನಿ, ನೊವೇಶನ್‌ನ ಲಾಂಚ್‌ಕೀ ಮಿನಿ, ಆರ್ಟೂರಿಯಾದ ಮಿನಿಲ್ಯಾಬ್, ಕಾರ್ಗ್‌ನ ನ್ಯಾನೋಕೀ, ಹೀಗೆ ಹೆಸರುಗಳು ಕಿವಿಗೆ ಬೀಳುತ್ತವೆ. ನ್ಯಾನೋಕೀಯ ಕೀಗಳು ಲ್ಯಾಪ್‌ಟಾಪಿನ ಕೀಗಳ ಥರ ಚಪ್ಪಟೆ. ಪರ್ಸಿಗೆ ಹಗುರ, ಆದರೆ ಹಾರ್ಮೋನಿಯಂ ಮುಟ್ಟಿದ ಬೆರಳಿಗೆ ಅದು ರುಚಿಸೋದು ಕಷ್ಟ. ಮಿಕ್ಕವುಗಳಲ್ಲಿ ಗುಂಡಿ ಎಷ್ಟಿದೆ, ದೀಪ ಎಷ್ಟಿದೆ ಅಂತ ಎಣಿಸಬೇಡಿ. ಡ್ರಮ್ ಬಾರಿಸೋ ರಬ್ಬರ್ ಪ್ಯಾಡ್‌ಗಳಿದ್ದರೆ ಒಂದು ತಾಳ ಹಾಕಿಕೊಳ್ಳೋಕೆ ಚೆನ್ನ, ಅಷ್ಟೇ. ನೋಡಬೇಕಾದದ್ದು ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರುದನಿ ಬರುತ್ತಾ ಅಂತ. ಇದಕ್ಕೆ ವೆಲಾಸಿಟಿ ಅನ್ನುತ್ತಾರೆ. ಇದಿಲ್ಲದಿದ್ದರೆ ಭಾವಗೀತೆ ಹೋಗಿ ಕಾಲರ್ ಟ್ಯೂನ್ ಆಗುತ್ತೆ.

ಇನ್ನೊಂದು ಪಿಚ್ ಬೆಂಡ್, ಅಂದರೆ ಸ್ವರವನ್ನು ಜಾರಿಸೋ ಸೌಲಭ್ಯ. ಕೆಲವಕ್ಕೆ ಪುಟ್ಟ ಜಾಯ್‌ಸ್ಟಿಕ್, ಕೆಲವಕ್ಕೆ ಬೆರಳು ಸವರೋ ಪಟ್ಟಿ, ಕೆಲವಕ್ಕೆ ಬರೀ ಬಟನ್. ಬರೀ ಬಟನ್ ಇರೋದು ಬೇಡ. ಹಾಗಂತ ಜಾಯ್‌ಸ್ಟಿಕ್ ಇದ್ದರೆ ಗಮಕವೆಲ್ಲ ಬಂದುಬಿಡುತ್ತೆ ಅಂತ ನಂಬಬೇಡಿ. ಇದೇ ಕೊರತೆಗೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟು, ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ! ಗಮಕವನ್ನು ನಿಮ್ಮ ಗಂಟಲಿಗೆ ಬಿಡಿ, ಕೀಬೋರ್ಡ್ ಪಲ್ಲವಿ-ಚರಣಗಳ ನಡುವಿನ ಸಂಗೀತ ನೋಡಿಕೊಳ್ಳಲಿ.

ಜೋಡಿಸುವ ವಿಷಯದಲ್ಲಿ ನಾನು ಒಂದು ಸಂಜೆ ಪೂರ್ತಿ ಒದ್ದಾಡಿದೆ. ಡ್ರಾಯರ್‌ನಲ್ಲಿದ್ದ ಯಾವುದೋ ಹಳೇ ಚಾರ್ಜರ್ ವೈರು ಹಾಕಿದ್ದೆ, ದೀಪ ಹತ್ತಿತು, ಸ್ವರ ಬರಲಿಲ್ಲ. ಚಾರ್ಜ್ ಮಾತ್ರ ಮಾಡೋ ವೈರಿನಲ್ಲಿ ಈ ಕೆಲಸ ನಡೆಯೋಲ್ಲ, ಪೆಟ್ಟಿಗೆಯಲ್ಲಿ ಕೊಟ್ಟ ಕೇಬಲನ್ನೇ ಬಳಸಿ. ಆಂಡ್ರಾಯ್ಡ್ ಫೋನಿಗಾದರೆ ಒಂದು ಓಟಿಜಿ ಅಡಾಪ್ಟರ್ ಬೇಕಾಗಬಹುದು. ಐಫೋನ್ 15ರಿಂದೀಚೆಗೆ ಟೈಪ್-ಸಿ ಕಿಂಡಿ ಇರೋದರಿಂದ ಸುಲಭ, ಹಳೆಯವಕ್ಕೆ ಆಪಲ್‌ನ ಕ್ಯಾಮೆರಾ ಅಡಾಪ್ಟರ್ ಬೇಕು. ಆ್ಯಪ್‌ಗೆ ದುಡ್ಡು ಸುರಿಯಬೇಡಿ. ಆಪಲ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ, ಮಿಕ್ಕವರು ಲ್ಯಾಪ್‌ಟಾಪಿನ ಕ್ರೋಮ್‌ನಲ್ಲೇ ಬ್ಯಾಂಡ್‌ಲ್ಯಾಬ್ ತೆರೆಯಬಹುದು. ಆಡಾಸಿಟಿ ಹಾಡು ರೆಕಾರ್ಡ್ ಮಾಡೋಕೆ ಒಳ್ಳೇದೇ, ಆದರೆ ಮಿಡಿ ರೆಕಾರ್ಡ್ ಮಾಡೋದಿಲ್ಲ. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡವೇ ಬೇಡ. ಕೀ ಒತ್ತಿ ಒಂದು ಗಳಿಗೆ ಬಿಟ್ಟು ಸ್ವರ ಕೇಳುತ್ತೆ, ತಾಳ ಹಿಡಿಯೋಕಾಗದೆ 'ನನಗಿನ್ನು ಸಂಗೀತ ಬರೋಲ್ಲ' ಅಂತ ನಮ್ಮನ್ನೇ ಬೈದುಕೊಳ್ತೀವಿ. ನಾನು ಹಾಗೆ ಎರಡು ದಿನ ಅತ್ತಿದ್ದೂ ಉಂಟು. ವೈರ್ ಇರೋ ಹಳೇ ಇಯರ್‌ಫೋನ್ ಹಾಕಿದ ಮೇಲೆ ಗೊತ್ತಾಯ್ತು, ತಪ್ಪು ನನ್ನದಲ್ಲ!

ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ನಮ್ಮ ಅಟ್ಟದ ಮೇಲಿನ ದೊಡ್ಡ ಕೀಬೋರ್ಡಿಗೂ ಹಿಂದೆ ಯುಎಸ್‌ಬಿ ಕಿಂಡಿ ಇದೆ, ಅದನ್ನೇ ಲ್ಯಾಪ್‌ಟಾಪಿಗೆ ಜೋಡಿಸಿದರೂ ಕೆಲಸ ಆಗುತ್ತೆ. ನಿಮ್ಮನೆಯಲ್ಲೂ ಅಂಥದ್ದಿದ್ದು, ಖಾಯಂ ಆಗಿ ಇಡೋಕೆ ಒಂದು ಮೂಲೆ ನಿಮಗಿದ್ದರೆ ಹೊಸದು ಕೊಳ್ಳಲೇಬೇಡಿ. ಯಜಮಾನರೂ ಇದನ್ನೇ ಹೇಳಿದರು, "ಇರೋದನ್ನ ಬಿಟ್ಟು ಇನ್ನೊಂದ್ಯಾಕೆ?" ನಾನೆಂದೆ, "ಅದನ್ನ ಇಳಿಸೋಕೆ ನೀವು ಬೇಕು, ಇಡೋಕೆ ಟೇಬಲ್ ಬೇಕು, ಟೇಬಲ್ ಖಾಲಿ ಇರೋವಾಗ ನೀವು ಆಫೀಸಲ್ಲಿರ್ತೀರಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಅತ್ತೆಯವರು "ಇಷ್ಟು ಪುಟ್ಟದಕ್ಕೆ ಒಂಬತ್ತು ಸಾವಿರಾನಾ ಅಮ್ಮಾ?" ಅಂತ ಇವತ್ತಿಗೂ ಕೇಳ್ತಾರೆ. ಕೇಳಲಿ. ಕಳೆದ ಯುಗಾದಿಯಿಂದ ಈಚೆಗೆ ನಾಲ್ಕು ಹಾಡು ಪೂರ್ತಿ ಮಾಡಿದೀನಿ. ಮೂರನೆಯದರಲ್ಲಿ ಕುಕ್ಕರ್ ಕೂಗೋದು ಸಣ್ಣಗೆ ಕೇಳುತ್ತೆ, ಅಳಿಸಿಲ್ಲ.

ನೀವು ಕೊಳ್ಳೋಕೆ ಹೋದಾಗ ಫೋನು, ವೈರಿನ ಇಯರ್‌ಫೋನು ಎರಡನ್ನೂ ಒಯ್ಯಿರಿ, ಅಲ್ಲೇ ಜೋಡಿಸಿ ಹತ್ತು ನಿಮಿಷ ನುಡಿಸಿ ನೋಡಿ. "ಮಗೂಗಾ ಮೇಡಂ?" ಅಂತ ಕೇಳೇ ಕೇಳ್ತಾರೆ. ನನಗೇ ಅನ್ನಿ. ಬಿಲ್ಲನ್ನೂ ನಿಮ್ಮ ಹೆಸರಿಗೇ ಬರೆಸಿ, ವಾರಂಟಿಗೆ ಬೇಕಾಗುತ್ತೆ.