ಹೊಸಬರು ಒಂದೇ ದಿನಕ್ಕೆ ಬೆನ್ನು ತಿರುಗಿಸಿದರೆ

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಕೊಂಕಣಿ ವಿಕಿಪೀಡಿಯ 2015ರಲ್ಲಿ, ವರ್ಷಗಟ್ಟಲೆ ಕಾದ ತುಳು ವಿಕಿಪೀಡಿಯ 2016ರಲ್ಲಿ ತೆರೆದುಕೊಂಡವು. ಈ ಮೂರೂ ಭಾಷೆ ಒಂದೇ ಪೇಟೆಯಲ್ಲಿ ಕೇಳಿಸುವ, ಉಡುಪಿ ಜಿಲ್ಲೆಯ ಶಿರ್ವದಂಥ ಊರೇ ಇವುಗಳಿಗೆ ಬರಹಗಾರರನ್ನು ಕೊಡಬೇಕು. ಆದರೆ ಬಂದವರನ್ನು ಉಳಿಸಿಕೊಳ್ಳುವ ಕಡೆಗೆ ನಮ್ಮ ಗಮನ ಸಾಲದು. ಈಗಲೇ ಎಚ್ಚೆತ್ತುಕೊಳ್ಳಬೇಕು.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. ಒಳ್ಳೆಯ ಉದ್ದೇಶದಿಂದ ಬಂದ ಹೊಸಬರ ಬರಹವನ್ನೂ ತಟ್ಟನೆ ಅಳಿಸಿಹಾಕಿದ್ದು ಇದಕ್ಕೊಂದು ಮುಖ್ಯ ಕಾರಣವೆಂದು 2013ರ ಅಧ್ಯಯನವೊಂದು ತೋರಿಸಿತು. ಅಷ್ಟು ದೊಡ್ಡ ಸಮುದಾಯವೇ ಹೀಗೆ ಸೊರಗಿದರೆ, ಬೆರಳೆಣಿಕೆಯ ಜನ ಹೊತ್ತು ನಡೆಸುವ ನಮ್ಮ ವಿಕಿಗಳ ಗತಿ ಏನು?

ಕಾಲೇಜಿನಲ್ಲಿ ಕಾರ್ಯಾಗಾರ ನಡೆಯುತ್ತದೆ, ಪ್ರಮಾಣಪತ್ರ ಹಂಚಲಾಗುತ್ತದೆ. ಮರುದಿನದಿಂದ ಕೇಳುವವರಿಲ್ಲ. ಒಬ್ಬ ವಿದ್ಯಾರ್ಥಿನಿ ಶಂಕರಪುರ ಮಲ್ಲಿಗೆಯ ಬಗ್ಗೆ ಬರೆದಳೆನ್ನಿ: ಬಾಳೆನಾರಿನಲ್ಲಿ ಕಟ್ಟುವ ಬಗೆ, ನಾಲ್ಕು ಚೆಂಡಿಗೆ ಒಂದು ಅಟ್ಟೆಯ ಲೆಕ್ಕ, ಎಲ್ಲವೂ ಮನೆಯಲ್ಲಿ ಅಜ್ಜಿಯಿಂದ ಕಲಿತದ್ದು. ಉಲ್ಲೇಖವಿಲ್ಲವೆಂದು ಲೇಖನಕ್ಕೆ ಅಳಿಸುವಿಕೆಯ ಫಲಕ ಬೀಳುತ್ತದೆ. ನಿಯಮ ಸರಿಯೇ. ಆದರೆ ‘ಪತ್ರಿಕೆಯಲ್ಲಿ ಬಂದದ್ದು ಹುಡುಕಮ್ಮ, ತೋಟಗಾರಿಕೆ ಪುಸ್ತಕ ನೋಡು, ಅಲ್ಲಿಯವರೆಗೆ ಪ್ರಯೋಗಪುಟದಲ್ಲಿಡು’ ಎಂದು ಚರ್ಚೆಪುಟದಲ್ಲಿ ನಾಲ್ಕು ಸಾಲು ಬರೆಯುವವರಿಲ್ಲದಿದ್ದರೆ ಅವಳು ಮತ್ತೆ ಬರುವುದಿಲ್ಲ. ಅವಳ ಜೊತೆಗೆ ಆ ತಿಳಿವಳಿಕೆಯೂ ಹೋಯಿತು. ಯಂತ್ರಾನುವಾದವನ್ನು ಹಾಗೇ ತಂದು ಸುರಿಯುವವರಿಗೂ ಅಷ್ಟೆ: ಅಳಿಸಿದರೆ ಸಾಲದು, ಒಂದು ಪ್ಯಾರಾ ಜೊತೆಗೆ ಕೂತು ತಿದ್ದಿ ತೋರಿಸಬೇಕು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ ಸಾಮಾನ್ಯವಾಗಿ ಆರು ಖಾತೆಗಳಷ್ಟೇ ತೆರೆಯಲು ಬರುವುದರಿಂದ, ಆಯೋಜಕರು ವಿನಾಯಿತಿಯನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಏಳನೆಯ ಹುಡುಗ ಬಾಗಿಲಲ್ಲೇ ನಿಲ್ಲುವುದು ಬೇಡ. ಐದಾರು ಹೊಸಬರಿಗೆ ಒಬ್ಬ ಅನುಭವಿಯನ್ನು ಒಂದು ಸೆಮಿಸ್ಟರ್ ಪೂರ್ತಿ ಗೊತ್ತುಮಾಡಲಿ. ಮೊದಲು ಕಾಗುಣಿತ ತಿದ್ದುವುದು, ಉಲ್ಲೇಖ ಸೇರಿಸುವುದು. ಹೊಸ ಲೇಖನ ಆಮೇಲೆ. ಕಾಲೇಜುಗಳು ಗ್ರಂಥಾಲಯದಲ್ಲಿ ವಾರಕ್ಕೊಂದು ಗಂಟೆ ಇದಕ್ಕೆಂದೇ ಬಿಡಲಿ.

ಎಷ್ಟು ಮಂದಿ ಕಾರ್ಯಾಗಾರಕ್ಕೆ ಬಂದರು ಎಂಬ ಲೆಕ್ಕ ಇನ್ನು ಸಾಕು. ಆರು ತಿಂಗಳ ಬಳಿಕ ಎಷ್ಟು ಮಂದಿ ಬರೆಯುತ್ತಿದ್ದಾರೆ ಎಂಬುದನ್ನು ಪ್ರತಿ ಆಯೋಜಕರೂ ವಿಕಿಯ ಸಮುದಾಯ ಚರ್ಚೆಯ ಪುಟವಾದ ಅರಳಿಕಟ್ಟೆಯಲ್ಲಿ ಎಲ್ಲರೆದುರು ಹೇಳಲಿ.