ಬೆಳೆಗೆ ಬೇಲಿಯುಂಟು, ಮಗುವಿಗೆ?



ಈ ಪುಟದಲ್ಲಿ ಸಾಮಾನ್ಯವಾಗಿ ಬಿತ್ತನೆ, ಗೊಬ್ಬರ, ಕೀಟಬಾಧೆ, ಮಾರುಕಟ್ಟೆ ಇವುಗಳ ವಿಚಾರ ಬರುತ್ತದೆ. ಈ ವಾರ ಹೊಲದಿಂದ ಮನೆಯ ಕಡೆಗೆ ತಿರುಗಿ ಒಂದು ಮಾತು ಹೇಳಬೇಕಾಗಿದೆ. ಟೊಮೆಟೊ ಗಿಡದ ಎಲೆ ಮುದುರಿದರೆ ನೀವು ಅದನ್ನು ಕಿತ್ತು ರೈತ ಸಂಪರ್ಕ ಕೇಂದ್ರಕ್ಕೆ ತರುತ್ತೀರಿ. ಹಸು ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸುತ್ತೀರಿ. ಹಾಲಿನ ಜಿಡ್ಡು ಕಡಮೆಯಾದರೆ ಡೇರಿಯಲ್ಲಿ ಆ ಹೊತ್ತಿಗೇ ತಿಳಿದುಹೋಗುತ್ತದೆ. ಆದರೆ ನಮ್ಮ ಬೇತಮಂಗಲ ಹೋಬಳಿಯ ಯಾವುದಾದರೂ ಹಳ್ಳಿಯಲ್ಲಿ ಒಂದು ಮಗು ಹೊಡೆತಕ್ಕೋ, ಹಸಿವಿಗೋ, ಬಾಯಿಬಿಟ್ಟು ಹೇಳಲಾಗದ ಹಿಂಸೆಗೋ ಸಿಕ್ಕಿಕೊಂಡರೆ ಅದನ್ನು ಗುರುತಿಸುವವರು ಯಾರು? ಯಾರಿಗೆ ತಿಳಿಸಬೇಕು? ಎಷ್ಟು ಹೊತ್ತಿನೊಳಗೆ ಯಾರು ಬರುತ್ತಾರೆ? ಈ ಮೂರು ಪ್ರಶ್ನೆಗಳನ್ನು ನಿಮ್ಮ ಊರಿನ ಅರಳಿಕಟ್ಟೆಯಲ್ಲಿ ಕೇಳಿ ನೋಡಿ. ಬೆಳೆಯ ರೋಗಕ್ಕೆ ಥಟ್ಟನೆ ಉತ್ತರ ಹೇಳುವ ಜನ ಇಲ್ಲಿ ತಡವರಿಸುತ್ತಾರೆ.

ಕಾನೂನು ಇಲ್ಲವೆಂದು ಇದರ ಅರ್ಥವಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯಿದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇದ್ದು ಕನಿಷ್ಠ ಒಬ್ಬರು ಮಹಿಳೆಯಾಗಿರಬೇಕು. ತಿಂಗಳಿಗೆ 20 ದಿನಕ್ಕೆ ಕಡಮೆಯಿಲ್ಲದೆ ಸಭೆ ಸೇರಬೇಕು. ಆಸರೆ ಬೇಕಾದ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಈ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪ್ರತಿ ಪೊಲೀಸ್ ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣಕ್ಕೆಂದೇ ಒಬ್ಬ ಅಧಿಕಾರಿಯನ್ನು ಗುರುತಿಸಿರಬೇಕು. ಇಷ್ಟೆಲ್ಲ ಕಾಗದದಲ್ಲಿ ಅಚ್ಚುಕಟ್ಟಾಗಿದೆ. ಜಿಲ್ಲಾ ಕಚೇರಿಗೂ ಹಳ್ಳಿಯ ಹಟ್ಟಿಗೂ ನಡುವಿನ ದಾರಿ ಮಾತ್ರ ಮುರಿದು ಬಿದ್ದಿದೆ.

ಪಾಲಾರ್ ನದಿಗೆ ಅಡ್ಡಲಾಗಿರುವ ನಮ್ಮ ಕೆರೆಯ ನೀರನ್ನು ಶುದ್ಧ ಮಾಡಿ ಕೊಳವೆಗಳಲ್ಲಿ ಕೋಲಾರ ಚಿನ್ನದ ಗಣಿಗೆ ಸಾಗಿಸುವ ಏರ್ಪಾಟು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಆಗಿತ್ತು. ಗಣಿಗೆ ನೀರು ಬೇಕಾಗಿತ್ತು, ಆದ್ದರಿಂದ ಕೊಳವೆ ಬಂತು. ನಮ್ಮ ಮಕ್ಕಳ ಕೂಗು ಕೋಲಾರದವರೆಗೆ ಹೋಗುವುದಕ್ಕೆ ಅಂಥ ಒಂದು ಕೊಳವೆ ಇನ್ನೂ ಬಿದ್ದಿಲ್ಲ.

ಎಲ್ಲೆಲ್ಲಿ ಬೇಲಿ ಮುರಿದಿದೆ?

ಮೊದಲನೆಯದು ದೂರ. ಮಕ್ಕಳ ಕಲ್ಯಾಣ ಸಮಿತಿ ಇರುವುದು ಕೋಲಾರದಲ್ಲಿ, ಬೇತಮಂಗಲದಿಂದ ಸುಮಾರು 30 ಕಿಲೋಮೀಟರ್ ಆಚೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕವೂ ಅಲ್ಲಿಯದೇ. ಪೊಲೀಸ್ ಆಡಳಿತಕ್ಕೆ ಮಾತ್ರ ನಾವು ಕೆ.ಜಿ.ಎಫ್. ಪೊಲೀಸ್ ಜಿಲ್ಲೆಗೆ ಸೇರಿದವರು. ಒಂದೇ ಮಗುವಿನ ಒಂದೇ ಸಂಕಟಕ್ಕೆ ಎರಡು ಊರು ತಿರುಗಬೇಕು. ದಿನಗೂಲಿಯ ತಾಯಿಯೊಬ್ಬಳು ಎರಡು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿಕೊಂಡು, ಯಾವ ಬಾಗಿಲು ತಟ್ಟಬೇಕೆಂದು ವಿಚಾರಿಸುತ್ತಾ ಹೋಗುವಳೆಂದು ನಿರೀಕ್ಷಿಸುವುದು ನ್ಯಾಯವಲ್ಲ. ತಾಲ್ಲೂಕು ಮಟ್ಟದಲ್ಲಿ ಮಕ್ಕಳ ರಕ್ಷಣೆಗೆಂದೇ ಮೀಸಲಾದ ಸಿಬ್ಬಂದಿಯಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೂ ಅಂಗನವಾಡಿ ಮೇಲ್ವಿಚಾರಕಿಯರೂ ಆಹಾರ ವಿತರಣೆ, ಕಟ್ಟಡ, ಸಮೀಕ್ಷೆಗಳ ಜೊತೆಗೆ ಈ ಭಾರವನ್ನೂ ಹೊರುತ್ತಿದ್ದಾರೆ.

ಎರಡನೆಯದು ಹೊತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಅನೇಕ ಕುಟುಂಬಗಳ ಅನ್ನ ಬೆಂಗಳೂರಿನ ರೈಲಿಗೆ ಕಟ್ಟುಬಿದ್ದಿದೆ. ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ನಸುಕಿನಲ್ಲೇ ರೈಲು ಹತ್ತಿದವರು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಹಳ್ಳಿಯಲ್ಲಿ ಟೊಮೆಟೊ ಬಿಡಿಸುವ ಕಾಲವಾದರೆ ಕೂಲಿ ಹೆಂಗಸರು ಬೆಳಕು ಹರಿಯುವ ಮೊದಲೇ ಹೊಲದಲ್ಲಿರುತ್ತಾರೆ. ಅಂಗನವಾಡಿ ತೆರೆಯುವುದು ಆಮೇಲೆ, ಮುಚ್ಚುವುದು ಸಂಜೆಗೆ ಮೊದಲೇ. ಈ ಎರಡು ತುದಿಗಳ ಹೊತ್ತಿನಲ್ಲಿ ಮಗು ಯಾರ ಕೈಯಲ್ಲಿರುತ್ತದೆ? ಕಣ್ಣು ಮಂಜಾದ ಅಜ್ಜಿಯ ಕೈಯಲ್ಲಿ, ಇಲ್ಲವೇ ಎಂಟು ವರ್ಷದ ಅಕ್ಕನ ಸೊಂಟದ ಮೇಲೆ. ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಆಯವ್ಯಯದಲ್ಲಿ ಪ್ರಕಟಿಸಿತು. ಒಳ್ಳೆಯ ಯೋಜನೆ. ಆದರೆ ಕೂಸಿನ ಮನೆಯ ಬಾಗಿಲು ಕಚೇರಿಯ ಗಡಿಯಾರವನ್ನು ನೋಡದೆ ಸುಗ್ಗಿಯ ಹೊತ್ತನ್ನು ನೋಡಿ ತೆರೆದಾಗಲೇ ಅದರ ಫಲ ತಾಯಿಗೆ ಸಿಗುವುದು.

ನಿರ್ಲಕ್ಷ್ಯವೆಂದರೆ ತಂದೆತಾಯಿ ಕೆಟ್ಟವರೆಂದು ಅರ್ಥವಲ್ಲ; ನೋಡಿಕೊಳ್ಳುವ ಕೈ ಇಲ್ಲದೆ ಹೋಗುವುದೂ ನಿರ್ಲಕ್ಷ್ಯವೇ. ಕೃಷಿ ಇಲಾಖೆಯ ಅನುಭವದಿಂದ ಒಂದು ಮಾತು ಹೇಳುವುದು ನಮ್ಮ ಕರ್ತವ್ಯ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದಂದಿನಿಂದ ಬಯಲುಸೀಮೆಯಲ್ಲಿ ಕೃಷಿ ಹೊಂಡಗಳು ಬಹಳವಾಗಿವೆ. ಪ್ಲಾಸ್ಟಿಕ್ ಹೊದಿಕೆ ಹಾಸಿದ ಹೊಂಡದ ಅಂಚು ಪಾಚಿಗಟ್ಟಿ ಜಾರುತ್ತದೆ. ಬಿದ್ದ ಮಗು ಹತ್ತಿ ಬರಲಾರದು. ಇಂಥ ಹೊಂಡಗಳಲ್ಲಿ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನೀವೂ ಓದಿದ್ದೀರಿ. ಹೊಂಡದ ಸುತ್ತ ತಂತಿ ಬೇಲಿ ಹಾಕಿ. ಸಹಾಯಧನದ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅದು ಬರುವವರೆಗೆ ಮುಳ್ಳು ಬೇಲಿಯನ್ನಾದರೂ ಹಾಕಿ, ಗಂಟು ಕಟ್ಟಿದ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಡಿ. ಕೀಟನಾಶಕವನ್ನು ತಂಪು ಪಾನೀಯದ ಬಾಟಲಿಗೆ ಎಂದಿಗೂ ಸುರಿದಿಡಬೇಡಿ.

ಮೂರನೆಯದು ವಯಸ್ಸು. ಕಡ್ಡಾಯ ಶಿಕ್ಷಣದ ಕಾಯಿದೆ 14 ವರ್ಷಕ್ಕೆ ನಿಲ್ಲುತ್ತದೆ. ಆದರೆ 18 ತುಂಬುವವರೆಗೆ ಕಾನೂನಿನ ಕಣ್ಣಿಗೆ ಮಗು ಮಗುವೇ. ಈ ನಾಲ್ಕು ವರ್ಷಗಳಲ್ಲಿ ಶಾಲೆ ಬಿಟ್ಟ ಹುಡುಗ ಟೊಮೆಟೊ ಲಾರಿಗೆ ಏರುತ್ತಾನೆ, ಹುಡುಗಿಗೆ ಗಂಡು ನೋಡುತ್ತಾರೆ. ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಗಡಿಯಾಚೆಗೆ ಹೋಗಿ ತಾಳಿ ಕಟ್ಟಿಸಿದರೆ ಯಾರೂ ಕೇಳುವುದಿಲ್ಲವೆಂಬ ಭಾವನೆ ಸರಿಯಲ್ಲ. ಬಾಲ್ಯವಿವಾಹ ಆಂಧ್ರದಲ್ಲಿಯೂ ತಮಿಳುನಾಡಿನಲ್ಲಿಯೂ ಅಪರಾಧವೇ.

ರೇಷ್ಮೆ ಬೆಳೆಗಾರರಿಗೆ ಇಲ್ಲಿ ಒಂದು ಕಿವಿಮಾತು. ನಾಲ್ಕನೆಯ ಜ್ವರ ಎದ್ದ ಹುಳುವಿಗೆ ಹಗಲಿರುಳು ಸೊಪ್ಪು ಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವಾಗ ಎಷ್ಟು ಕೈಗಳಿದ್ದರೂ ಸಾಲದು. ಆ ವಾರ ಶಾಲೆಯ ಹಾಜರಿ ಕುಸಿಯುತ್ತದೆ. ಮನೆಯ ಮಗು ಶಾಲೆ ಮುಗಿಸಿ ಬಂದು ತಂದೆತಾಯಿಗೆ ನೆರವಾಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. 14ರೊಳಗಿನ ಅನ್ಯರ ಮಗುವನ್ನು ಕೂಲಿಗೆ ಇಟ್ಟುಕೊಂಡರೆ ಮಾತ್ರ, 2016ರ ತಿದ್ದುಪಡಿಯಂತೆ, 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ, 20,000 ರೂಪಾಯಿಯಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಜೀತವಿದ್ದು, ಕುದಿನೀರಿಗೆ ಕೈ ಅದ್ದಿ ಗೂಡು ಬಿಚ್ಚುತ್ತಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ತನ್ನ ವರದಿಯಲ್ಲಿ ಜಗತ್ತಿಗೆ ತೋರಿಸಿತ್ತು. ಆ ಹೆಸರು ನಮ್ಮ ಗೂಡಿಗೆ ಮತ್ತೆ ಬರಕೂಡದು.

ನಾಲ್ಕನೆಯದು ಮೌನ. ಎಲ್ಲಕ್ಕಿಂತ ಕೆಟ್ಟದ್ದು ಇದೇ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 53.22ರಷ್ಟು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳಷ್ಟೇ ಇದ್ದರು. ಆರೋಪಿ ಬಹುಪಾಲು ಮಗುವಿಗೆ ಗೊತ್ತಿರುವವನೇ, ನೆಂಟನೋ ನೆರೆಯವನೋ, ಎಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳಲ್ಲಿ ವರ್ಷವರ್ಷವೂ ಕಾಣುವ ಸಂಗತಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆ ಅಕ್ಷರಶಃ ಒಪ್ಪುತ್ತದೆ. ಹೀಗಿರುವಾಗ ಊರಿನ ಹಿರಿಯರು ಸೇರಿ, ‘ಮನೆತನದ ಮಾನ ಹೋಗುತ್ತದೆ, ಹುಡುಗಿಯ ಮದುವೆ ಆಗಬೇಕು’ ಎಂದು ರಾಜಿ ಮಾಡಿಸಿ ಕಳುಹಿಸಿದರೆ ಮಾನ ಉಳಿಯುವುದು ಯಾರದು? ಮಗು ಮತ್ತೆ ಅದೇ ಮನೆಗೆ, ಅದೇ ಕೈಗೆ ಹೋಗುತ್ತದೆ.

ಸಂಸ್ಥೆಯೊಳಗಿದ್ದರೂ ಮೌನ ಹಾಗೆಯೇ. 2023ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ವಿಡಿಯೋ ಹರಿದಾಡಿದ ಮೇಲೆ ಎಲ್ಲರಿಗೂ ತಿಳಿಯಿತು. ಅಮಾನತು, ಬಂಧನಗಳು ಆಮೇಲೆ ಆದವು. ಮಗು ದೂರು ಹೇಳುವುದಕ್ಕೆ ನಂಬಿಕೆಯ ಒಂದು ಕಿವಿ ಹತ್ತಿರದಲ್ಲಿದ್ದರೆ ವಿಡಿಯೋಗೆ ಕಾಯಬೇಕಾಗಿರಲಿಲ್ಲ.

ನೀವು ಮಾಡಬಹುದಾದದ್ದು

1098 ಎಂಬ ನಾಲ್ಕು ಅಂಕಿಗಳನ್ನು ನೆನಪಿಡಿ. 1996ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ಈ ಮಕ್ಕಳ ಸಹಾಯವಾಣಿಗೆ ಹಗಲು ರಾತ್ರಿ, ಯಾವ ಫೋನಿನಿಂದಲೂ, ಹಣ ಕೊಡದೆ ಕರೆ ಮಾಡಬಹುದು. ಹಿಂದೆ ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದ ಇದನ್ನು 2023ರಿಂದ ಸರ್ಕಾರವೇ ವಹಿಸಿಕೊಂಡಿದೆ. 112 ತುರ್ತು ಸಂಖ್ಯೆಯೊಂದಿಗೆ ಜೋಡಿಸಲಾಗಿದೆ. ಗಡಿಯಾಚೆಯ ನೆಂಟರ ಊರಿನಲ್ಲಿಯೂ ಸಂಖ್ಯೆ ಇದೇ.

ಮಗು ಏನಾದರೂ ಹೇಳಿದರೆ ನಂಬಿ. ಗದರಿಸಬೇಡಿ, ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬೇಡಿ. ಲೈಂಗಿಕ ಹಿಂಸೆಯ ಸಂಶಯವಿದ್ದರೂ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯಿದೆಯಂತೆ ಪ್ರತಿಯೊಬ್ಬರ ಕರ್ತವ್ಯ. ಗೊತ್ತಿದ್ದೂ ಮುಚ್ಚಿಟ್ಟರೆ 6 ತಿಂಗಳವರೆಗೆ ಸೆರೆವಾಸ, ದಂಡ, ಇಲ್ಲವೇ ಎರಡೂ ಆಗಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಮಗುವನ್ನು ಠಾಣೆಯಲ್ಲಿ ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸರು ಸಮವಸ್ತ್ರ ಧರಿಸದೆ, ಮಗುವಿನ ಮನೆಗೋ ಅದು ಬಯಸಿದ ಜಾಗಕ್ಕೋ ಬಂದು ಹೇಳಿಕೆ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಮಗುವಿನ ಹೆಸರನ್ನು ಎಲ್ಲಿಯೂ ಬಹಿರಂಗಪಡಿಸುವಂತಿಲ್ಲ. ಇವು ನಿಮಗೆ ತಿಳಿದಿದ್ದರೆ ಠಾಣೆಯ ಮೆಟ್ಟಿಲಿನ ಭಯ ಅರ್ಧ ಕಳೆಯುತ್ತದೆ.

ಬಡತನದ ಕಾರಣಕ್ಕೆ ಮಗು ಕೂಲಿಗೆ ಹೋಗುವುದನ್ನು ತಪ್ಪಿಸಲು ಪ್ರಾಯೋಜಕತ್ವವೆಂಬ ನೆರವಿದೆ. ಕೇಂದ್ರದ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ ತಿಂಗಳಿಗೆ ಮಗುವೊಂದಕ್ಕೆ 4,000 ರೂಪಾಯಿ. ವಿಧವೆ ತಾಯಿಯ ಮಕ್ಕಳು, ನೆಂಟರ ಆಸರೆಯಲ್ಲಿರುವ ಅನಾಥರು, ದೊಡ್ಡ ಕಾಯಿಲೆಯಿಂದ ಹಾಸಿಗೆ ಹಿಡಿದ ತಂದೆತಾಯಿಯ ಮಕ್ಕಳು ಇದಕ್ಕೆ ಅರ್ಹರು. ಗ್ರಾಮಾಂತರ ಪ್ರದೇಶದಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಇದು ತಿಳಿಯದೆಯೇ ಎಷ್ಟೋ ಮಕ್ಕಳ ಶಾಲೆ ನಿಂತುಹೋಗುತ್ತದೆ. ನಿಮ್ಮ ನೆರೆಯಲ್ಲಿ ಅಂಥ ಮನೆಯಿದ್ದರೆ ನೀವೇ ಅರ್ಜಿ ಬರೆದುಕೊಡಿ.

ಸರ್ಕಾರ, ಪಂಚಾಯಿತಿಗಳು ಮಾಡಬೇಕಾದದ್ದು

ಪಂಚಾಯಿತಿ ಮಟ್ಟದ ಮಕ್ಕಳ ರಕ್ಷಣಾ ಸಮಿತಿಗಳು ಅನೇಕ ಕಡೆ ರಿಜಿಸ್ಟರಿನಲ್ಲಿ ಮಾತ್ರ ಜೀವಂತವಾಗಿವೆ. ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರುಗಳನ್ನು 1098ರ ಜೊತೆಗೆ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣಗಳ ಗೋಡೆಯ ಮೇಲೆ ಬರೆಸಬೇಕು. ಮಕ್ಕಳ ಗ್ರಾಮಸಭೆಯನ್ನು ಸಿಹಿ ಹಂಚಿ ಮುಗಿಸದೆ ಅಲ್ಲಿ ಮಕ್ಕಳು ಎತ್ತಿದ ಪ್ರಶ್ನೆಗಳಿಗೆ ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕು. ಹಾಲು ಉತ್ಪಾದಕರ ಸಂಘ ದಿನಕ್ಕೆ ಎರಡು ಸಲ ಊರನ್ನೆಲ್ಲ ಒಂದೆಡೆ ಸೇರಿಸುವ ಜಾಗ. ಶಾಲೆಗೆ ಬಾರದ ಮಗುವಿನ ಸುದ್ದಿ ಮೊದಲು ತಿಳಿಯುವುದೂ ಅಲ್ಲಿಯೇ. ಸಂಘದ ಕಾರ್ಯದರ್ಶಿಯನ್ನು ಈ ಸಮಿತಿಗೆ ಸೇರಿಸಿಕೊಳ್ಳುವುದು ಜಾಣತನ.

ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಎರಡು ದಿನವಾದರೂ ಕೆ.ಜಿ.ಎಫ್. ಅಥವಾ ಬಂಗಾರಪೇಟೆಯಲ್ಲಿ ಸಭೆ ನಡೆಸಬೇಕೆಂದು ನಾವು ಕೋರುತ್ತೇವೆ. ಪ್ರತಿ ತಾಲ್ಲೂಕಿಗೆ ಒಬ್ಬ ಮಕ್ಕಳ ರಕ್ಷಣಾ ಕಾರ್ಯಕರ್ತರನ್ನು, ಓಡಾಡಲು ಒಂದು ವಾಹನವನ್ನು ಒದಗಿಸಬೇಕು. ಗಿಡದ ರೋಗಕ್ಕೆ ಹೋಬಳಿಗೊಂದು ಕಚೇರಿ ಇರಬಹುದಾದರೆ ಮಗುವಿನ ಕಣ್ಣೀರಿಗೆ ತಾಲ್ಲೂಕಿಗೊಬ್ಬರು ಇರುವುದು ದೊಡ್ಡ ಬೇಡಿಕೆಯೇನಲ್ಲ.

ಇದು ಸಂಘಟನೆಯಿಂದ ಆಗಬೇಕಾದ ಕೆಲಸ. ಬರುವ ಗ್ರಾಮಸಭೆಗೆ ಹೋದಾಗ ಬೋರ್‌ವೆಲ್, ರಸ್ತೆ, ಬೀದಿದೀಪಗಳ ಜೊತೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ನಮ್ಮ ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ ಕಳೆದ ಸಲ ಸೇರಿದ್ದು ಎಂದು? ಉತ್ತರ ಸಿಗದಿದ್ದರೆ ಆ ಸಭೆಯ ನಡಾವಳಿಯಲ್ಲಿಯೇ ಮುಂದಿನ ಸಭೆಯ ದಿನಾಂಕವನ್ನು ಬರೆಸಿ, ಆಮೇಲೆ ಎದ್ದು ಬನ್ನಿ.