ಫ್ರೀ ಟೊರೆಂಟ್ ಸಾಫ್ಟ್‌ವೇರ್: ಯಾವುದನ್ನ ಮನೆಯೊಳಗೆ ಬಿಟ್ಕೋಬೇಕು?

ಗೂಗಲ್‌ನಲ್ಲಿ ‘ಫ್ರೀ ಟೊರೆಂಟ್ ಸಾಫ್ಟ್‌ವೇರ್’ ಅಂತ ಹುಡುಕಿ ನೋಡಿ. ಹತ್ತಾರು ಹೆಸರು ಬರುತ್ತವೆ, ಎಲ್ಲದರ ಪಕ್ಕದಲ್ಲೂ ‘ಫ್ರೀ’ ಅಂತಲೇ ಇರುತ್ತೆ. ಒಳಗೆ ಹೋದರೆ ಒಂದೇ ಪುಟದಲ್ಲಿ ಮೂರು ಡೌನ್‌ಲೋಡ್ ಬಟನ್, ಅದರಲ್ಲಿ ಎರಡು ಜಾಹೀರಾತು. ಯಾವುದಕ್ಕೂ ದುಡ್ಡು ಕೊಡೋದಿಲ್ಲವಲ್ಲ, ಯಾವುದನ್ನ ಹಾಕ್ಕೊಂಡ್ರೇನು ಅಂತ ಅನ್ನಿಸೋದು ಸಹಜ. ಆದ್ರೆ ಎಲ್ಲದರ ಬೆಲೆಯೂ ಸೊನ್ನೆ ಆಗಿದ್ದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನ ನಡೆಸೋ ಖರ್ಚು ಯಾರು ಹೊರ್ತಿದ್ದಾರೆ?

ಈ ವಾರ ಈ ವಿಷಯ ಎತ್ತಿಕೊಳ್ಳೋಕೆ ಕಾರಣ ನಮ್ಮೂರಿನ ಒಂದು ಹಳೇ ಲ್ಯಾಪ್‌ಟಾಪ್. ನಮ್ಮೂರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿ. ಎಸ್.ಎಂ. ಕೃಷ್ಣ ಅವರ ಊರು ಅಂದ್ರೆ ನಿಮಗೆ ಬೇಗ ಗೊತ್ತಾಗುತ್ತೆ. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಅವರು ಬೆಂಗಳೂರಿನ ಐಟಿಗೆ ಕೊಟ್ಟ ಒತ್ತಿನಿಂದ ನಮ್ಮಂಥ ಎಷ್ಟೋ ಜನರಿಗೆ ಅನ್ನದ ದಾರಿ ಆಯ್ತು. ಹಾಗೆ ಬೆಂಗಳೂರು ಸೇರಿದವರಿಗೆಲ್ಲ ಊರಲ್ಲಿ ಇನ್ನೊಂದು ಕೆಲಸ ತಾನಾಗೇ ಸಿಗುತ್ತೆ: ಮನೆಮಂದಿಯ ಕಂಪ್ಯೂಟರ್ ಡಾಕ್ಟರ್ ಆಗೋದು.

ಚಿಕ್ಕಪ್ಪನ ಮಗಳು ಬಿಎಸ್ಸಿ ಮುಗಿಸಿ ಮನೆಯಿಂದಲೇ ಆನ್‌ಲೈನ್ ಕೋರ್ಸ್ ಮಾಡ್ತಿದ್ದಾಳೆ. ಲ್ಯಾಪ್‌ಟಾಪ್‌ನಲ್ಲಿರೋದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಪ್ರೊಸೆಸರ್ ಹಳೇದು, ಒಪ್ಪಲ್ಲ. ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ಅಂದ್ರೆ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಹಾಕೋಣ ಅಂತ ತೀರ್ಮಾನ ಆಯ್ತು. ಅದರ ಫೈಲ್ ಸುಮಾರು 3 ಜಿಬಿ. ಮನೇಲಿರೋದು ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾ, ಜೊತೆಗೆ ಬಂದು ಹೋಗೋ ಕರೆಂಟು. ಬ್ರೌಸರ್‌ನಲ್ಲಿ ಡೌನ್‌ಲೋಡ್ ಎರಡು ಸಲ ಅರ್ಧಕ್ಕೇ ನಿಂತು ಮತ್ತೆ ಮೊದಲಿಂದ ಶುರುವಾಯ್ತು. ನಾನು ಪೆನ್‌ಡ್ರೈವ್ ಹಿಡ್ಕೊಂಡು ಊರಿಗೆ ಹೋಗೋಕೆ ಇನ್ನೂ ಮೂರು ವಾರ ಇತ್ತು.

“ಟೊರೆಂಟಲ್ಲಿ ಇಳಿಸ್ಕೋಬೋದಂತೆ ಕಣಣ್ಣ, ಯಾವ್ ಸಾಫ್ಟ್‌ವೇರ್ ಹಾಕ್ಲಿ?” ಅಂತ ಫೋನ್ ಮಾಡಿದ್ಳು. ಹಿಂದಿನಿಂದ ಚಿಕ್ಕಪ್ಪನ ದನಿ: “ಪುಕ್ಸಟ್ಟೆ ಕೊಡೋನು ಏನಾರ ಕಿತ್ಕೊಳ್ದೆ ಬುಟ್ಟಾನಾ? ಅದ್ರಲ್ಲಿ ನನ್ ಬ್ಯಾಂಕಿಂದೆಲ್ಲ ಅದೆ, ನೋಡ್ಕಂಡ್ ಯೋಳ್ ಮಗಾ.”

ಚಿಕ್ಕಪ್ಪ ಕಂಪ್ಯೂಟರ್ ಕಲಿತವರಲ್ಲ. ಆದ್ರೆ ಸರಿಯಾದ ಪ್ರಶ್ನೆ ಕೇಳಿದ್ದು ಅವರೇ.

ಟೊರೆಂಟ್ ಅಂದ್ರೆ ಮುಯ್ಯಾಳು

ನಮ್ಮ ಕಡೆ ನಾಟಿ ಸಮಯದಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರ್ತೀವಿ. ಕೂಲಿ ಇಲ್ಲ, ಲೆಕ್ಕ ಮಾತ್ರ ಇರುತ್ತೆ. 2001ರಲ್ಲಿ ಬ್ರಾಮ್ ಕೊಹೆನ್ ಅನ್ನೋ ಅಮೆರಿಕದ ಪ್ರೋಗ್ರಾಮರ್ ಮಾಡಿದ ಬಿಟ್‌ಟೊರೆಂಟ್ ಇದೇ ಮುಯ್ಯಾಳಿನ ಲೆಕ್ಕ. ದೊಡ್ಡ ಫೈಲನ್ನ ಸಣ್ಣ ಸಣ್ಣ ತುಂಡು ಮಾಡ್ತಾರೆ. ನಿಮಗೆ ಬಂದ ತುಂಡನ್ನ ನೀವು ಬೇರೆಯವರಿಗೆ ಕೊಡ್ತೀರಿ, ಅವರ ಹತ್ರ ಇರೋದು ನಿಮಗೆ ಬರುತ್ತೆ. ಒಂದೇ ಸರ್ವರ್ ಮೇಲೆ ಭಾರ ಬೀಳಲ್ಲ.

ಪ್ರತಿ ತುಂಡಿಗೂ ಹ್ಯಾಶ್ ಅಂತ ಒಂದು ಗುರುತಿರುತ್ತೆ, ನಮ್ಮ ಬೆರಳಚ್ಚಿನ ಹಾಗೆ. ಬಂದ ತುಂಡು ಆ ಗುರುತಿಗೆ ಹೊಂದದಿದ್ರೆ ಸಾಫ್ಟ್‌ವೇರ್ ಅದನ್ನ ಬಿಸಾಕಿ ಮತ್ತೆ ತರಿಸುತ್ತೆ. ಕರೆಂಟ್ ಹೋದ್ರೂ, ಡೇಟಾ ಮುಗಿದ್ರೂ ಬಂದ ತುಂಡುಗಳು ಹಾಗೇ ಇರುತ್ತವೆ, ನಾಳೆ ಅಲ್ಲಿಂದಲೇ ಮುಂದುವರಿಯುತ್ತೆ. ಹಳ್ಳಿಯ ನೆಟ್‌ಗೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಕಷ್ಟ.

ಆದ್ರೆ ಇಷ್ಟೆಲ್ಲ ಮಾಡೋ ಸಾಫ್ಟ್‌ವೇರ್ ಗುರುತು ಪರಿಚಯ ಇಲ್ಲದ ನೂರಾರು ಕಂಪ್ಯೂಟರ್‌ಗಳ ಜೊತೆ ಮಾತಾಡ್ತಾ ಇರುತ್ತೆ. ಊರವರೆಲ್ಲ ಓಡಾಡೋ ಬಾಗಿಲು ಅದು. ಆ ಬಾಗಿಲಿಗೆ ಯಾರನ್ನ ಕಾವಲು ಇಡ್ತೀರಿ ಅನ್ನೋದೇ ಇಲ್ಲಿರೋ ಆಯ್ಕೆ.

ಮ್ಯೂಟೊರೆಂಟ್ ಕಥೆ

ನಮ್ಮ ವಯಸ್ಸಿನವರು ಹಾಸ್ಟೆಲ್‌ನಲ್ಲಿ ನೋಡಿರೋದು ಮ್ಯೂಟೊರೆಂಟ್. ಎಲ್ಲರ ಬಾಯಲ್ಲೂ ಅದು ಯುಟೊರೆಂಟ್. 2005ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಅನ್ನೋ ಸ್ವೀಡನ್ ದೇಶದ ಪ್ರೋಗ್ರಾಮರ್ ಅದನ್ನ ಹೊರಗೆ ಬಿಟ್ಟಾಗ ಇಡೀ ಸಾಫ್ಟ್‌ವೇರ್ ಇವತ್ತಿನ ಒಂದು ವಾಟ್ಸಾಪ್ ಫೋಟೋದಷ್ಟು ಚಿಕ್ಕದಿತ್ತು. ಹಳೇ ಕಂಪ್ಯೂಟರಲ್ಲೂ ಓಡ್ತಿತ್ತು. 2006ರ ಕೊನೆಗೆ ಅದು ಬಿಟ್‌ಟೊರೆಂಟ್ ಕಂಪನಿಯ ಕೈ ಸೇರಿತು. ಕಂಪನಿ ಅಂದಮೇಲೆ ಸಂಬಳ ಕೊಡಬೇಕು, ಆದಾಯ ಬೇಕು. ಜಾಹೀರಾತು ಬಂತು. ಇನ್‌ಸ್ಟಾಲ್ ಮಾಡೋವಾಗ ಜೊತೆಗೆ ಬೇರೆ ಸಾಫ್ಟ್‌ವೇರ್ ಹಾಕ್ಕೊಳ್ಳಿ ಅನ್ನೋ ‘ಆಫರ್’ ಬಂತು.

2015ರ ಮಾರ್ಚ್‌ನಲ್ಲಿ ದೊಡ್ಡ ಗಲಾಟೆ ಆಯ್ತು. ಮ್ಯೂಟೊರೆಂಟ್ ಜೊತೆ ಎಪಿಕ್ ಸ್ಕೇಲ್ ಅನ್ನೋ ಪ್ರೋಗ್ರಾಂ ಬಂದು ಸೇರಿಕೊಂಡಿದೆ, ಅದು ನಮ್ಮ ಕಂಪ್ಯೂಟರ್ ಬಳಸಿ ಕ್ರಿಪ್ಟೋ ಕರೆನ್ಸಿ ಗಳಿಸ್ತಿದೆ ಅಂತ ಬಳಕೆದಾರರು ದೂರಿದ್ರು. ಒಪ್ಪಿಗೆ ಕೊಟ್ಟವರಿಗೆ ಮಾತ್ರ ಹಾಕಿದ್ದು ಅಂತ ಕಂಪನಿ ಹೇಳಿತು, ಆಮೇಲೆ ಅದನ್ನ ಕೈಬಿಟ್ಟಿತು. ಅಕ್ರಮ ಅಲ್ಲ ಅಂತಲೇ ಇಟ್ಕೊಳ್ಳಿ. ‘ನೆಕ್ಸ್ಟ್, ನೆಕ್ಸ್ಟ್’ ಒತ್ತೋ ಮನುಷ್ಯನ ಕರೆಂಟ್ ಬಿಲ್ ಮೇಲೆ ಬೇರೆಯವರು ದುಡ್ಡು ಮಾಡಬಹುದು ಅನ್ನೋದು ಅವತ್ತು ಗೊತ್ತಾಯ್ತು. ಚಿಕ್ಕಪ್ಪ ಕೇಳಿದ್ದು ಇದನ್ನೇ.

“ಹಳೇ ವರ್ಷನ್ 2.2.1 ಹಾಕಿ, ಜಾಹೀರಾತು ಇರಲ್ಲ” ಅಂತ ಸಲಹೆ ಕೊಡೋರು ಈಗಲೂ ಇದ್ದಾರೆ. ಬೇಡ. ಅದಕ್ಕೆ ಸೆಕ್ಯುರಿಟಿ ರಿಪೇರಿ ನಿಂತು ವರ್ಷಗಳೇ ಆಗಿವೆ. ಜಾಹೀರಾತು ಇಲ್ಲದ ಬಾಗಿಲು ಅಂತ ಚಿಲಕ ಇಲ್ಲದ ಬಾಗಿಲು ಹಾಕಿಸಿದ ಹಾಗಾಗುತ್ತೆ.

ಓಪನ್ ಸೋರ್ಸ್ ಅಂದ್ರೆ ದೇವರಲ್ಲ

ಇನ್ನೊಂದು ಬಗೆಯ ಫ್ರೀ ಇದೆ. ಸಾಫ್ಟ್‌ವೇರ್‌ನ ಮೂಲ ಕೋಡ್ ಎಲ್ಲರ ಕಣ್ಣಿಗೂ ತೆರೆದಿರುತ್ತೆ. ಸ್ವಯಂಸೇವಕರು ಬರೀತಾರೆ, ದೇಣಿಗೆಯಲ್ಲಿ ನಡೆಯುತ್ತೆ. ಕ್ಯೂಬಿಟ್‌ಟೊರೆಂಟ್, ಟ್ರಾನ್ಸ್‌ಮಿಷನ್, ಡೆಲ್ಯೂಜ್ ಈ ಜಾತಿಯವು. ಜಾಹೀರಾತು ತುರುಕಿದ್ರೆ ನಾಳೆಯೇ ಯಾರೋ ಕೋಡ್ ನೋಡಿ ಬಯಲು ಮಾಡ್ತಾರೆ.

ಹಾಗಂತ ಇವುಗಳಲ್ಲಿ ಎಡವಟ್ಟೇ ಆಗಿಲ್ಲ ಅಂತಲ್ಲ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್ ವೆಬ್‌ಸೈಟ್‌ಗೇ ಕನ್ನ ಬಿತ್ತು. ಮ್ಯಾಕ್‌ಗೆ ಕೊಡ್ತಿದ್ದ 2.90 ಆವೃತ್ತಿಯೊಳಗೆ ಕೀರೇಂಜರ್ ಅನ್ನೋ ರಾನ್ಸಮ್‌ವೇರ್ ಸೇರಿಸಿದ್ರು. ಅದು ಕಂಪ್ಯೂಟರಿನ ಫೈಲ್‌ಗಳಿಗೆ ಬೀಗ ಹಾಕಿ ಒಂದು ಬಿಟ್‌ಕಾಯಿನ್ ಕೇಳೋದು. ಕೆಲವೇ ದಿನದಲ್ಲಿ ಗೊತ್ತಾಗಿ 2.92 ಆವೃತ್ತಿಯಲ್ಲಿ ಅದನ್ನ ತೆಗೆದ್ರು. ಕ್ಯೂಬಿಟ್‌ಟೊರೆಂಟ್‌ದು ಇನ್ನೊಂದು ಕಥೆ. ಅದು ತಾನು ಸಂಪರ್ಕಿಸೋ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಸರಿಯಾಗಿದೆಯಾ ಅಂತ 2010ರಿಂದಲೂ ಪರೀಕ್ಷೆ ಮಾಡ್ತಿರಲಿಲ್ಲ. ಸರಿಪಡಿಸಿದ್ದು 2024ರ ಅಕ್ಟೋಬರ್‌ನಲ್ಲಿ, 5.0.1 ಆವೃತ್ತಿಯಲ್ಲಿ. ಹದಿನಾಲ್ಕು ವರ್ಷ!

ಎರಡೂ ಕಡೆ ತಪ್ಪಿದೆ. ಒಂದರಲ್ಲಿ ನಿಮ್ಮನ್ನ ಬಳಸಿಕೊಳ್ಳೋದೇ ವ್ಯಾಪಾರ, ಇನ್ನೊಂದರಲ್ಲಿ ತಪ್ಪು ಕಂಡಾಗ ಬಹಿರಂಗವಾಗಿ ಒಪ್ಪಿ ಸರಿ ಮಾಡ್ತಾರೆ. ನಾನು ಎರಡನೆಯವರ ಕಡೆ. ಷರತ್ತು ಇಷ್ಟೇ: ಅಪ್‌ಡೇಟ್ ಬಂದಾಗ ಹಾಕ್ಕೋಬೇಕು.

ಹಾಗಾದ್ರೆ ಯಾವುದು?

ವಿಂಡೋಸ್ ಇದ್ರೆ ಕ್ಯೂಬಿಟ್‌ಟೊರೆಂಟ್. ನೋಡೋಕೆ ಹಳೇ ಮ್ಯೂಟೊರೆಂಟ್ ಥರಾನೇ ಇದೆ, ಹೊಸದಾಗಿ ಕಲಿಯೋದು ಏನಿಲ್ಲ. ಮ್ಯಾಕ್ ಇದ್ರೆ ಟ್ರಾನ್ಸ್‌ಮಿಷನ್, ಸರಳ ಮತ್ತು ಹಗುರ. ಲಿನಕ್ಸ್ ಮಿಂಟ್‌ನಲ್ಲಿ ಟ್ರಾನ್ಸ್‌ಮಿಷನ್ ಮೊದಲೇ ಇರುತ್ತೆ, ಬೇರೆ ಹುಡುಕೋದೇ ಬೇಡ. ಮನೇಲೊಂದು ಹಳೇ ಪಿಸಿಯನ್ನ ದಿನವಿಡೀ ಇದಕ್ಕೇ ಬಿಡೋರಿಗೆ ಡೆಲ್ಯೂಜ್ ಚೆನ್ನಾಗಿದೆ. ಬಿಗ್ಲಿಬಿಟಿಯಲ್ಲಿ ಸೆಟ್ಟಿಂಗ್ ಸಮುದ್ರದಷ್ಟಿದೆ, ಆದ್ರೆ ಜಾವಾದಲ್ಲಿ ಬರೆದದ್ದು, ಹಳೇ ಲ್ಯಾಪ್‌ಟಾಪ್‌ಗೆ ಭಾರ. ಟಿಕ್ಸಾಟಿಯಲ್ಲಿ ಜಾಹೀರಾತಿಲ್ಲ, ಆದ್ರೆ ಕೋಡ್ ಮುಚ್ಚಿಟ್ಟಿದ್ದಾರೆ.

ತಂಗಿಗೆ ಹೇಳಿದ್ದು ಕ್ಯೂಬಿಟ್‌ಟೊರೆಂಟ್. ಜೊತೆಗೆ ಇಷ್ಟು ಹೇಳಿದೆ, ನಿಮಗೂ ಅದೇ.

ಒಂದು, ಗೂಗಲ್‌ನಲ್ಲಿ ಮೊದಲು ಬಂದ ಲಿಂಕ್ ಒತ್ತಬೇಡಿ. ಅಡ್ರೆಸ್ ಬಾರ್‌ನಲ್ಲಿ ನೀವೇ ಕ್ಯೂಬಿಟ್‌ಟೊರೆಂಟ್ ಡಾಟ್ ಆರ್ಗ್ ಅಂತ ಟೈಪ್ ಮಾಡಿ. ಕೊನೆಗೆ ‘ಆರ್ಗ್’ ಇರಬೇಕು, ‘ಕಾಮ್’ ಅಲ್ಲ.

ಎರಡು, ಟೊರೆಂಟ್ ಫೈಲನ್ನೂ ಮೂಲದವರ ಸೈಟ್‌ನಿಂದಲೇ ತಗೊಳ್ಳಿ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಸೈಟ್‌ಗೆ ನುಗ್ಗಿದವರು ಡೌನ್‌ಲೋಡ್ ಲಿಂಕನ್ನ ಕಳ್ಳಬಾಗಿಲಿರೋ ಫೈಲಿನ ಕಡೆ ತಿರುಗಿಸಿದ್ರು. ಟೊರೆಂಟ್‌ನಲ್ಲಿ ಇಳಿಸಿಕೊಂಡವರಿಗೆ ತೊಂದರೆ ಇಲ್ಲ ಅಂತ ಮಿಂಟ್‌ನವರೇ ಆಗ ತಿಳಿಸಿದ್ರು. ಹ್ಯಾಶ್ ಹೊಂದದ ತುಂಡು ಟೊರೆಂಟ್‌ನಲ್ಲಿ ಒಳಗೆ ಬರಲ್ಲ. ಆದ್ರೆ ಟೊರೆಂಟ್ ಫೈಲೇ ಕಳ್ಳರು ಮಾಡಿದ್ದಾದ್ರೆ ಆ ಗುರುತಿಗೆ ಅರ್ಥವಿಲ್ಲ.

ಮೂರು, ಮೊಬೈಲ್ ಡೇಟಾದಲ್ಲಿ ಅಪ್‌ಲೋಡ್ ಕೂಡ ನಿಮ್ಮ 2 ಜಿಬಿಯಲ್ಲೇ ಕಳೆಯುತ್ತೆ. ಟೂಲ್ಸ್, ಆಪ್ಷನ್ಸ್, ಸ್ಪೀಡ್ ಅಂತ ಹೋಗಿ ಅಪ್‌ಲೋಡ್ ಮಿತಿ 20 ಕೆಬಿ ಅಂತ ಹಾಕಿ. ಗಂಟೆಗೆ ಹೆಚ್ಚೆಂದರೆ 70 ಎಂಬಿ ಆಸುಪಾಸು ಹೋಗುತ್ತೆ. ಅಪ್‌ಲೋಡೇ ಬೇಡ ಅಂತ ಅಲ್ಲಿ 0 ಹಾಕಬೇಡಿ. ಅಲ್ಲಿ ಸೊನ್ನೆ ಅಂದ್ರೆ ‘ಮಿತಿಯೇ ಇಲ್ಲ’ ಅಂತ ಅರ್ಥ.

ನಾಲ್ಕು, ಮೂಲೆಯ ಎಕ್ಸ್ ಒತ್ತಿದ್ರೂ ಅದು ಗಡಿಯಾರದ ಪಕ್ಕ ಕೂತು ಕೆಲಸ ಮಾಡ್ತಾ ಇರಬಹುದು. ಅಲ್ಲಿ ರೈಟ್ ಕ್ಲಿಕ್ ಮಾಡಿ ಎಕ್ಸಿಟ್ ಕೊಡಿ.

ಎರಡು ದಿನದಲ್ಲಿ ಮಿಂಟ್ ಇಳೀತು. ಮಧ್ಯೆ ಮೂರು ಸಲ ಕರೆಂಟ್ ಹೋಗಿತ್ತಂತೆ.

ಸಿನಿಮಾ ಮಾತು

ಟೊರೆಂಟ್ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನರಿಗೆ ನೆನಪಾಗಿದ್ದು ಹೊಸ ಸಿನಿಮಾ ಅಂತ ಗೊತ್ತು. ನೇರವಾಗಿ ಹೇಳಿಬಿಡ್ತೀನಿ. ಟೊರೆಂಟ್ ತಂತ್ರಜ್ಞಾನ ಕಾನೂನುಬದ್ಧ, ಯಾರದೋ ಸಿನಿಮಾ ಕದಿಯೋದು ಅಲ್ಲ. ಇಲ್ಲಿ ಮುಯ್ಯಾಳಿನ ನಿಯಮ ನಿಮಗೇ ತಿರುಗಿ ಬೀಳುತ್ತೆ: ಇಳಿಸಿಕೊಳ್ಳೋವಾಗಲೇ ನೀವು ಅದನ್ನ ಬೇರೆಯವರಿಗೆ ಹಂಚ್ತಾ ಇರ್ತೀರಿ, ಮತ್ತು ನಿಮ್ಮ ಐಪಿ ಅಡ್ರೆಸ್ ಅಲ್ಲಿರೋ ಎಲ್ಲರಿಗೂ ಕಾಣುತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ. ಸಿನಿಮಾ ಅಂತ ಇಳಿಸಿದ ಫೈಲಿನ ಕೊನೆಗೆ ‘ಡಾಟ್ ಇಎಕ್ಸ್‌ಇ’ ಇದ್ರೆ ಅದು ಸಿನಿಮಾನೇ ಅಲ್ಲ, ತೆರೆದ್ರೆ ಕೆಟ್ಟಿರಿ.

ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಯಾವ ಟೊರೆಂಟ್ ಸಾಫ್ಟ್‌ವೇರನ್ನೂ ಹಾಕಬೇಡಿ, ಎಷ್ಟೇ ಓಪನ್ ಸೋರ್ಸ್ ಆಗಿರಲಿ. ಕಂಪನಿಯ ನೆಟ್‌ವರ್ಕ್‌ನಲ್ಲಿ ಅದು ಎದ್ದು ಕಾಣುತ್ತೆ. ಲಿನಕ್ಸ್ ಇಳಿಸ್ತಿದ್ದೆ ಅಂತ ಎಚ್‌ಆರ್ ಮುಂದೆ ವಿವರಿಸೋದು ಯಾರಿಗೂ ಬೇಡ.

ಕಾನೂನಿನೊಳಗೇ ಇಳಿಸಿಕೊಳ್ಳೋಕೆ ಬೇಕಾದಷ್ಟಿದೆ. ಉಬುಂಟು, ಡೆಬಿಯನ್, ಲಿಬ್ರೆಆಫೀಸ್ ಎಲ್ಲವೂ ಟೊರೆಂಟ್‌ನಲ್ಲಿ ಸಿಗ್ತವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿಟ್ಟ ಹಳೇ ಕನ್ನಡ ಪುಸ್ತಕಗಳ ರಾಶಿಯೇ ಇದೆ, ಅಲ್ಲೂ ಡೌನ್‌ಲೋಡ್ ಆಯ್ಕೆಗಳಲ್ಲಿ ಟೊರೆಂಟ್ ಇರುತ್ತೆ. ಕಿವಿಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕನ್ನಡ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು. ನೆಟ್ ಸರಿಯಿಲ್ಲದ ಊರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಉಡುಗೊರೆ ಏನಿದೆ?

ಇನ್ನೊಂದು ಮಾತು. ನಿಮ್ಮ ಫೈಬರ್ ಕನೆಕ್ಷನ್‌ನಲ್ಲಿ ಮಿತಿ ಇಲ್ಲದ ಡೇಟಾ ಇದ್ರೆ, ಲಿನಕ್ಸ್ ಥರದ ಫೈಲ್ ಇಳಿಸಿದ ತಕ್ಷಣ ಟೊರೆಂಟ್ ಮುಚ್ಚಬೇಡಿ. ‘ರೇಶಿಯೋ’ ಅನ್ನೋ ಕಾಲಂನಲ್ಲಿ 1 ಅಂತ ಬಂದ್ರೆ ನೀವು ತಗೊಂಡಷ್ಟನ್ನ ವಾಪಸ್ ಕೊಟ್ಟಿದ್ದೀರಿ, ಮುಯ್ಯಿ ತೀರಿತು ಅಂತ ಅರ್ಥ. ದಿನಕ್ಕೆ 2 ಜಿಬಿಯಲ್ಲಿ ಒದ್ದಾಡೋ ಯಾವುದೋ ಊರಿನ ಹುಡುಗಿಗೆ ಆ ತುಂಡುಗಳು ನಿಮ್ಮ ಮನೆಯಿಂದಲೇ ಹೋಗಿರಬಹುದು.

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ-ಅಮ್ಮನ ಕಂಪ್ಯೂಟರ್‌ನಲ್ಲಿ ಏನೇನು ಇನ್‌ಸ್ಟಾಲ್ ಆಗಿದೆ ಅಂತ ಹತ್ತು ನಿಮಿಷ ನೋಡಿ. ಗುರುತು ಸಿಗದ ಪ್ರತಿ ಹೆಸರಿಗೂ ಚಿಕ್ಕಪ್ಪನ ಪ್ರಶ್ನೆ ಕೇಳಿ. ಉತ್ತರ ಸಿಗದಿದ್ರೆ ಅನ್‌ಇನ್‌ಸ್ಟಾಲ್ ಮಾಡಿ.